ಪಲ್ಯ ತಟ್ಟೆಯ ಅಂಚಿಗೆ ತಳ್ಳಬೇಡ

ಕೋಲಾರ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಅಮ್ಮ ಹೇಳಿದಳು. ತೂಕ 96 ಕೆ.ಜಿ. ಆಗಿದೆಯಂತೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯಲ್ಲಿ (HbA1c) 6.2 ಬಂದಿದೆಯಂತೆ. 6.5 ಮುಟ್ಟಿದರೆ ಅದು ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ನೀನಿನ್ನೂ ಅಲ್ಲಿಗೆ ಹೋಗಿಲ್ಲ. ಅದಕ್ಕೇ ಫೋನಲ್ಲಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ಹಬ್ಬಕ್ಕೆ ಬಂದಾಗ "ದಿನಾ ರಾಗಿಮುದ್ದೆ ತಿಂತೀನಲ್ಲ ದೊಡ್ಡಮ್ಮ, ನಂಗೇನಾಗುತ್ತೆ" ಅಂದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಅದು ಸಕ್ಕರೆಯಾಗಿಯೇ ರಕ್ತಕ್ಕೆ ಸೇರೋದು. ಎರಡು ದೊಡ್ಡ ಮುದ್ದೆ ನುಂಗಿದರೆ ಏರದೆ ಇರುತ್ತಾ?

ನಿಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ದಿನಾ ಮುದ್ದೆ, ಆದರೂ ಸಕ್ಕರೆ ಇಳಿಯಲಿಲ್ಲ. ಆಮೇಲೆ ಅವರ ತಟ್ಟೆ ಗಮನಿಸಿದೆ. ಬಸ್ಸಾರಿಗೆ ನಾವು ದಂಟಿನ ಸೊಪ್ಪು, ಅಲಸಂದೆಕಾಳು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಅವರು ಸಾರಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. ಪಲ್ಯ ಸುಮ್ನೆ ನೆಂಚಿಕೊಳ್ಳೋಕೆ ಎರಡು ಚಮಚ, ಅದೂ ಅರ್ಧ ಅಂಚಲ್ಲೇ ಉಳಿಯುತ್ತಿತ್ತು. ಸೊಪ್ಪು, ಕಾಳಿನ ನಾರೆಲ್ಲ ಇರೋದು ಅದರಲ್ಲೇ ಅಲ್ವಾ! ಅವತ್ತಿಂದ ಮುದ್ದೆ ಒಂದೇ, ಅದೂ ಕಿತ್ತಳೆ ಹಣ್ಣಿನಷ್ಟು. ಪಲ್ಯ ಬಟ್ಟಲ ತುಂಬ, ಊಟಕ್ಕೆ ಕೂತ ಕೂಡಲೇ ಮೊದಲು ಅದನ್ನೇ ತಿನ್ನಬೇಕು. ಮಾತ್ರೆ ಬಿಡಿಸಲಿಲ್ಲ. ನಿಧಾನವಾಗಿ ಇಳಿಯಿತು.

ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿ ನೋಡು. ಬೆಳಿಗ್ಗೆ ಬೆರಳಾಡಿಸಿದರೆ ಲೋಳೆ ಲೋಳೆ. ಹೊಟ್ಟೆಯಲ್ಲೂ ಕೆಲವು ನಾರು ಹೀಗೇ ಲೋಳೆಯಾಗಿ ತಿಂದದ್ದನ್ನು ತಡೆದು ನಿಧಾನವಾಗಿ ಮುಂದೆ ಬಿಡುತ್ತವೆ. ಸಕ್ಕರೆ ಒಮ್ಮೆಲೇ ನುಗ್ಗುವುದಿಲ್ಲ. ಬೇಗ ಹಸಿವೂ ಆಗುವುದಿಲ್ಲ, ನಿನ್ನ ತೂಕಕ್ಕೆ ಇದೇ ದೊಡ್ಡ ಸಹಾಯ. ದೊಡ್ಡವರಿಗೆ ದಿನಕ್ಕೆ ಕಡಿಮೆಯೆಂದರೂ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಚಮಚ ಪಲ್ಯದಲ್ಲಿ ಅದು ಎಲ್ಲಿ ಬರಬೇಕು? ಸೀಬೆಹಣ್ಣು ಕಚ್ಚಿ ತಿನ್ನು, ಜ್ಯೂಸ್ ಬೇಡ.

ಒಂದೇ ದಿನಕ್ಕೆ ಎಲ್ಲ ಜಾಸ್ತಿ ಮಾಡಬೇಡ, ಹೊಟ್ಟೆ ಉಬ್ಬರಿಸುತ್ತೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸು, ನೀರು ಚೆನ್ನಾಗಿ ಕುಡಿ. ಡಾಕ್ಟರು ಮಾತ್ರೆ ಬರೆದಿದ್ದರೆ ನೀನಾಗಿ ನಿಲ್ಲಿಸಬೇಡ.

ನಾನೂ ಎಷ್ಟೋ ವರ್ಷ ರಾಗಿಹಿಟ್ಟು ಜರಡಿ ಹಿಡಿದು, ಮೇಲೆ ಉಳಿದ ತೌಡನ್ನು ಹಸುವಿಗೆ ಹಾಕಿದೆ. ಮನೆಯವರಿಗೆ ಬೇಕಾದ ನಾರು ಅದರಲ್ಲೇ ಇದೆ ಅಂತ ಆಗ ತಿಳಿಯಲಿಲ್ಲ. ಭಾನುವಾರ ನಿನ್ನ ತಮ್ಮ ಬೆಂಗಳೂರಿಗೆ ಬರುತ್ತಾನೆ. ಮಿಲ್ಲಲ್ಲಿ ಬೀಸಿಸಿದ ಐದು ಕೆ.ಜಿ. ಹಿಟ್ಟು, ಎರಡು ಸೇರು ಹುರುಳಿಕಾಳು ಕೊಟ್ಟು ಕಳಿಸುತ್ತೇನೆ. ಹಿಟ್ಟು ಜರಡಿ ಹಿಡಿಯಬೇಡಿ.

ನಿನ್ನ ದೊಡ್ಡಮ್ಮ