'ಮನಸ್ಸು ಓದುವ ಚಿಪ್' ಅನ್ನಬೇಡಿ

ಸಂಪಾದಕರೇ,

ಮಾತು ಕಳೆದುಕೊಂಡವರ ಮಿದುಳಿಗೆ ಕೂರಿಸುವ ಚಿಪ್ ಬಗ್ಗೆ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ 'ಮನಸ್ಸು ಓದುವ ಯಂತ್ರ' ಅಂತಲೇ ತಲೆಬರಹ. ಓದಲು ಮಜಾ ಇರುತ್ತದೆ ಸರಿ, ಆದರೆ ಅಲ್ಲಿ ನಡೆಯುವುದೇ ಬೇರೆ.

ಒಂದು ಸಲ 'ಪ' ಅಂತ ಹೇಳಿ ನೋಡಿ. ತುಟಿ ಕೂಡಿ ಬಿಡುತ್ತದೆ. 'ತ' ಅನ್ನಿ, ನಾಲಿಗೆ ಹಲ್ಲಿಗೆ ತಾಗುತ್ತದೆ. ಹೀಗೆ ಮಾಡಿ ಅಂತ ಮಿದುಳಿನಿಂದ ತುಟಿ, ನಾಲಿಗೆಗೆ ಅಪ್ಪಣೆ ಹೋಗುತ್ತದಲ್ಲ, ಮಾತಿನ ಚಿಪ್ ಮುಖ್ಯವಾಗಿ ಹಿಡಿಯುವುದು ಅದನ್ನೇ. ಎಎಲ್‌ಎಸ್ (ಸ್ನಾಯು ಆಡಿಸುವ ನರಗಳು ಕ್ರಮೇಣ ನಾಶವಾಗುವ) ಕಾಯಿಲೆಯವರಲ್ಲಿ ಅಪ್ಪಣೆ ಹೊರಡುತ್ತದೆ, ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಂಪ್ಯೂಟರ್ ಆ ಸಂಕೇತದಿಂದ ಉಚ್ಚಾರಣೆ ಗುರುತಿಸಿ, ಯಾವ ಪದದ ಪಕ್ಕ ಯಾವುದು ಬರಬಹುದು ಅಂತ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ, ಮೊಬೈಲ್ ಕೀಬೋರ್ಡ್ ಮುಂದಿನ ಪದ ತೋರಿಸುವ ಹಾಗೆ, ಅದಕ್ಕಿಂತ ಸ್ವಲ್ಪ ಜಾಣತನದಿಂದ. ಅಂದರೆ ತೆರೆಯ ಮೇಲೆ ಬಂದದ್ದರಲ್ಲಿ ಊಹೆಯೂ ಒಂದಿಷ್ಟು ಬೆರೆತಿರುತ್ತದೆ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಪ್ರಯೋಗ ನಿಮಿಷಕ್ಕೆ 62 ಪದ ಮುಟ್ಟಿತ್ತು, ಆದರೆ ದೊಡ್ಡ ಪದಕೋಶ ಇಟ್ಟುಕೊಂಡಾಗ ನೂರರಲ್ಲಿ ಸುಮಾರು 24 ಪದ ತಪ್ಪು. ಮರುವರ್ಷವೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ ಒಬ್ಬ ಎಎಲ್‌ಎಸ್ ರೋಗಿಯ ಮಿದುಳಿಗೆ 256 ಎಲೆಕ್ಟ್ರೋಡ್ (ಸಂಕೇತ ಹಿಡಿಯುವ ಸಣ್ಣ ತುದಿಗಳು) ಕೂರಿಸಿ ಆ ತಪ್ಪನ್ನು ನೂರಕ್ಕೆ ಎರಡು ಮೂರಕ್ಕೆ ಇಳಿಸಿತು. ತಾನು ಹೇಳಲು ಹೊರಟ ಪದಗಳು ಮೊದಲ ದಿನ ತೆರೆಯ ಮೇಲೆ ಸರಿಯಾಗಿ ಮೂಡಿದ್ದು ಕಂಡು ಆ ರೋಗಿ ಅತ್ತೇಬಿಟ್ಟರಂತೆ. ಕಾಯಿಲೆಗೆ ಮುಂಚಿನ ಅವರದೇ ದನಿಯಲ್ಲಿ ಕಂಪ್ಯೂಟರ್ ಅದನ್ನು ಓದಿಯೂ ಹೇಳಿತು. ಇದಕ್ಕಿಂತ ದೊಡ್ಡ ಸುದ್ದಿ ಬೇಕಾ?

ಮನಸ್ಸಿನ ಗುಟ್ಟು ಸೋರೀತು ಅನ್ನುವ ಹೆದರಿಕೆಯೆಲ್ಲ ಸುಳ್ಳು ಅಂತ ಹೇಳುತ್ತಿಲ್ಲ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನವರೇ ತೋರಿಸಿದರು: ಬಾಯಿ ಆಡಿಸದೆ ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸಿದರೂ ಅದು ಸಂಕೇತದಲ್ಲಿ ಸ್ವಲ್ಪ ಸೋರುತ್ತದೆ. ಅದಕ್ಕೇ ಅವರು ಒಂದು ಬೀಗ ಇಟ್ಟು ನೋಡಿದರು. ಗೊತ್ತುಮಾಡಿದ ಒಂದು ಮಾತನ್ನು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರುಮಾಡುತ್ತದೆ. ಒಳ್ಳೆಯ ಉಪಾಯ ಅಲ್ವಾ? ಆದರೆ ನಾಳೆ ಕಂಪನಿಗಳು ಚಿಪ್ ಮಾರುವಾಗ ಇಂಥ ಬೀಗ ಇಟ್ಟೇ ಮಾರುತ್ತವೆಯೇ, ಸಂಕೇತಗಳ ದಾಖಲೆ ಯಾರ ಸ್ವತ್ತು? ಚಿಲಿ 2021ರಲ್ಲೇ ಮಿದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಿತು, ಅಮೆರಿಕದ ಕೊಲೊರಾಡೊ ರಾಜ್ಯ 2024ರಲ್ಲಿ ಕಾನೂನು ಮಾಡಿತು. ನಾವು ಇನ್ನೂ ತಲೆಬರಹ ನೋಡುತ್ತಾ ಕೂತಿದ್ದೇವೆ.

ಮುಂದಿನ ಸಲ 'ಮಾತು ಮರಳಿಸಿದ ಚಿಪ್' ಅಂತ ಹಾಕಿ. ಜಾಗ ಉಳಿದರೆ, ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಒಂದು ಸಾಲು ಬರೆಯಿರಿ.

ಇಂತಿ,
ನಿಮ್ಮ ಒಬ್ಬ ಓದುಗ