ಮಗಳಿಗೊಂದು ಪತ್ರ: ಕೋವಿಗೊಂದು ಊರುಗೋಲು

ಪ್ರೀತಿಯ ಪುಟ್ಟಿ,

ನಿನ್ನ ಜಿಂಕೆ ಹೊಡೆಯುವ ಕೆಲಸಕ್ಕೆ ಯಾವ ಸ್ಟಿಕ್ಸ್, ಅಂದರೆ ಕೋವಿ ಆನಿಸಲು ನೆಲಕ್ಕೆ ಊರುವ ಕೋಲು, ಕೊಳ್ಳಬೇಕು ಅಂತ ನೀನು ನಿನ್ನೆ ಫೋನಿನಲ್ಲಿ ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನು ತಗೊಂಡಳು. ಆಮೇಲೆ ಮಾತು ಥಂಡಿ, ಊಟ, ಕಾರಿನ ಟೈರು ಅಂತ ಎಲ್ಲೆಲ್ಲೋ ಹೋಯ್ತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಬರೆದದ್ದಾದರೆ ಇನ್ನೊಂದು ಸಲ ಓದಬಹುದು, ಅಲ್ವಾ.

ಮೊದಲು ಉತ್ತರ ಹೇಳಿಬಿಡ್ತೀನಿ. ನೀನು ಫೋಟೋ ಕಳಿಸಿದ ನಾಲ್ಕು ಕಾಲಿನ ಸ್ಟಿಕ್ಸ್ ಒಳ್ಳೆಯದೇ. ಆದರೆ ಈಗಲೇ ಅದಕ್ಕೆ ನೂರು ಪೌಂಡಿಗೂ ಜಾಸ್ತಿ ದುಡ್ಡು ಸುರಿಯಬೇಡ. ಗಿಡದ ಅಂಗಡಿಗೆ ಹೋಗು. ಬೀನ್ಸ್ ಬಳ್ಳಿಗೆ ಆಸರೆ ಕೊಡಲು ಮಾರುತ್ತಾರಲ್ಲ, ಆ ಬಿದಿರು ಕೋಲು ಎರಡು ತಗೋ. ಹೆಬ್ಬೆರಳಿನಷ್ಟಾದರೂ ದಪ್ಪ ಇರಲಿ. ಅವನ್ನು ಜೋಡಿಸಿ ಕಟ್ಟಲು ಹಳೇ ಸೈಕಲ್ ಟ್ಯೂಬು ಒಂದು ಹುಡುಕು. ಎರಡು ಕಾಲಿನ ಸ್ಟಿಕ್ಸ್ ಆಯಿತು. ಈ ಸೀಸನ್ನು ಅದರಲ್ಲೇ ಕಳೆ. ಮುಂದಿನ ವರ್ಷ ಯಾವುದು ಕೊಳ್ಳಬೇಕು ಅಂತ ನಿನಗೇ ಗೊತ್ತಾಗಿರುತ್ತದೆ.

ಸ್ಟಿಕ್ಸ್ ಮಾರುವವರದ್ದು ಒಂದೇ ಹಾಡು: ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ನೋಡಿ. ಎಷ್ಟು ಬೇಗ, ಎಷ್ಟು ಸದ್ದಿಲ್ಲದೆ ನಿಲ್ಲುತ್ತದೆ ಅಂತ ಅವರು ಹೇಳುವುದು ಕಡಿಮೆ. ಕಾಡಿನಲ್ಲಿ ರೋ ಜಿಂಕೆ ನಿನಗೆ ಕೊಡುವುದು ಕೆಲವೇ ಸೆಕೆಂಡು. ಅದು ಹಾರಿ ಹೋದ ಮೇಲೆ ನಿನ್ನ ಕೋಲು ಬಂಡೆಯ ಹಾಗೆ ನಿಂತರೂ ಏನು ಬಂತು?

ಇಲ್ಲಿ ಸ್ಕಾಟ್ಲೆಂಡಿನ ಪರ್ತ್‌ಶೈರಿನ ಗುಡ್ಡದಲ್ಲಿ ಕೆಂಪು ಜಿಂಕೆಯ ಹಿಂದೆ ಹೋಗುವವರು ಸ್ಟಿಕ್ಸ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಬೋಳು ಗುಡ್ಡ, ಗಿಡ್ಡ ಹೆದರ್ ಪೊದೆ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಚೀಲದ ಮೇಲೋ, ಕೋವಿಯ ಮುಂಭಾಗಕ್ಕೆ ಸಿಕ್ಕಿಸುವ ಗಿಡ್ಡ ಕಾಲಿನ ಬೈಪಾಡ್ ಮೇಲೋ ಕೋವಿ ಇಟ್ಟು ಮಲಗಿಯೇ ಹೊಡೆಯುತ್ತಾರೆ. ನೀನು ಕೆಲಸ ಮಾಡುವ ಗ್ಯಾಲೊವೇ ಕಾಡು ಹಾಗಲ್ಲ. ಸಾಲಾಗಿ ನೆಟ್ಟ ಸಿಟ್ಕಾ ಸ್ಪ್ರೂಸ್ ಮರ, ನಡುವೆ ಹುಲ್ಲು ಬೆಳೆದ ದಾರಿ, ಮರ ಕಡಿದ ಜಾಗದಲ್ಲಿ ಟೊಂಗೆಗಳ ರಾಶಿ, ಅಂಚಿನಲ್ಲಿ ಎದೆಮಟ್ಟದ ಬ್ರ್ಯಾಕನ್ ಜರಿಗಿಡ. ಅಲ್ಲಿ ಮಲಗಿದರೆ ಕಾಣುವುದು ಹುಲ್ಲಿನ ಬುಡ ಮಾತ್ರ. ನಿಂತೇ ಹೊಡೆಯಬೇಕು.

ರೋ ಅಂದರೆ ಭುಜದ ಹತ್ತಿರ ಎರಡಡಿ ಚಿಲ್ಲರೆ ಎತ್ತರದ ಪ್ರಾಣಿ. ಗುಂಡು ಬೀಳಬೇಕಾದ ಎದೆಯ ಜಾಗ ನಿನ್ನ ಅಂಗೈಯಷ್ಟು. ನೀನು ಪಾಸಾದ ಡಿಎಸ್‌ಸಿ 1, ಜಿಂಕೆ ಹೊಡೆಯುವವರ ಆ ಪರೀಕ್ಷೆಯನ್ನೇ ನೋಡು. 100 ಮೀಟರಿನಲ್ಲಿ ಮಲಗಿ, 70ರಲ್ಲಿ ಕೂತು ಅಥವಾ ಮಂಡಿಯೂರಿ, 40ರಲ್ಲಿ ನಿಂತು ಹೊಡೆಯಬೇಕು. ನಿಂತಾಗ ಕೋಲಿನ ಆಸರೆ ಇಟ್ಟುಕೊಳ್ಳಲು ಬಿಡುತ್ತಾರೆ, ಆದರೂ ದೂರವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದಾರೆ. ಆ ಲೆಕ್ಕ ಸುಮ್ನೆ ಹಾಕಿದ್ದಲ್ಲ.

ಈಗ ಕೋಲುಗಳ ವಿಷಯ. ಒಂಟಿ ಕೋಲು ನಡೆಯುವುದಕ್ಕೆ ಚೆನ್ನ, ದುರ್ಬೀನು ಆನಿಸಿ ನೋಡುವುದಕ್ಕೂ ಆಗುತ್ತದೆ. ಕೋವಿಗೆ ಸಾಲದು. ಮೂರು ಕಾಲಿನದು ಇಳಿಜಾರಿನಲ್ಲೂ ತಾನೇ ನಿಲ್ಲುತ್ತದೆ. ಹಿಡಿಯಲ್ಲಿರುವ ಗುಂಡಿ ಅದುಮಿದರೆ ಕಾಲು ತಾನಾಗಿ ಉದ್ದ ಗಿಡ್ಡ ಆಗುವಂಥವೂ ಇವೆ. ಅಂಗಡಿಯ ಟೈಲ್ಸ್ ನೆಲದ ಮೇಲೆ ಅದು ಮಾಡುವ ಕರಾಮತ್ತು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಮರಳು, ಮಂಜು, ಕೆಸರು ಸೇರಿದ ಮೇಲೆ ಅದೇ ಕಾಲು ಮೊಂಡು ಹಿಡಿಯುತ್ತದೆ. ಸರಿಯುವಾಗ ಸಣ್ಣ ಸದ್ದೂ ಬರುತ್ತದೆ. ಯಂತ್ರ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವವನು ನಾನು. ನಿನಗೆ ಬೇರೆ ಅನಿಸಿದರೆ ಅನಿಸಲಿ.

ನಾಲ್ಕು ಕಾಲಿನದಕ್ಕೆ ನ್ಯಾಯವಾಗಿ ಸಲ್ಲಬೇಕಾದ ಮಾತು ಹೇಳಲೇಬೇಕು. ಅದರಲ್ಲಿ ಕೋವಿ ಎರಡು ಕಡೆ ಕೂರುತ್ತದೆ, ಬ್ಯಾರಲ್ ಕೆಳಗಿನ ಮುಂದಿನ ಮರವೂ, ಭುಜಕ್ಕೆ ಆನಿಸುವ ಹಿಂದಿನ ಬುಡವೂ. ಮಡಚಿದಾಗ ಒಂದೇ ಕಟ್ಟು, ಎಳೆದರೆ ಕತ್ತರಿಯಂತೆ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಇಟ್ಟ ಕೋವಿ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಈಗಷ್ಟೇ ಶುರು ಮಾಡಿದವರಿಗೆ ಅದರಷ್ಟು ಧೈರ್ಯ ಕೊಡುವುದು ಬೇರೆ ಇಲ್ಲ. ಆದರೆ ಜಿಂಕೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಯಿತು ಅನ್ನು. ಎರಡು ಕಾಲಿನದಾದರೆ ನೀನು ಸೊಂಟ ತಿರುಗಿಸಿದರೆ ಸಾಕು, ನಾಲ್ಕು ಕಾಲಿನದನ್ನು ಎತ್ತಿ ಮತ್ತೆ ಊರಬೇಕು. ಬ್ರ್ಯಾಕನ್ ಒಳಗೆ ಅದರ ಕಾಲು ಸಿಕ್ಕಿಕೊಂಡರೆ ಅದನ್ನು ಬಿಡಿಸುವುದೇ ಒಂದು ಕೆಲಸ. ಇನ್ನೊಂದು ವಿಷಯ: ಎತ್ತರ ಹೊಂದಿಸಲು ಬಾರದ ತಯಾರಿ ಸ್ಟಿಕ್ಸ್ ಸಾಮಾನ್ಯವಾಗಿ ಆರಡಿ ಗಂಡಸರ ಅಳತೆಗೆ ಇರುತ್ತವೆ. ನೀನು ಐದಡಿ ಎರಡಿಂಚು. ಅಂಗಡಿಯಲ್ಲಿ ಕೋವಿ ಇಡದೆ, ಗುರಿ ನೋಡುವ ಸ್ಕೋಪಿಗೆ ಕಣ್ಣು ಕೊಡದೆ ಯಾವುದನ್ನೂ ಕೊಳ್ಳಬೇಡ.

ಬಿದಿರು ಕೋಲಿಗೆ ಬರೋಣ. ಕಾಡಿಗೆ ಹಾಕುವ ಬೂಟು ಹಾಕಿಕೊಂಡೇ ಅಳತೆ ತಗೋ. ಮನೆ ಚಪ್ಪಲಿಯಲ್ಲಿ ಅಳೆದರೆ ಒಂದಿಂಚು ಕಡಿಮೆ ಬೀಳುತ್ತದೆ. ಕೋಲು ನಿನ್ನ ಕಣ್ಣಿನ ಮಟ್ಟಕ್ಕೆ ಬರಲಿ. ಕಾಲು ಅಗಲಿಸಿದಾಗ ಅದು ತಗ್ಗಿ ಭುಜದ ಮಟ್ಟಕ್ಕೆ ಇಳಿಯುತ್ತದೆ. ಎರಡನ್ನೂ ಜೋಡಿಸಿ, ತುದಿಯಿಂದ ನಾಲ್ಕು ಬೆರಳು ಕೆಳಗೆ ಟ್ಯೂಬಿನ ಪಟ್ಟಿ ಸುತ್ತು. ಸುಮ್ನೆ ಸುತ್ತಬೇಡ, ಒಂದರ ಮೇಲೊಂದು ಅಡ್ಡ ಹಾಯುವ ಹಾಗೆ ಎಳೆದು ಸುತ್ತು. ತೀರಾ ಬಿಗಿ ಮಾಡಿದರೆ ಕಾಲು ಅಗಲವಾಗುವುದಿಲ್ಲ, ಸಡಿಲ ಮಾಡಿದರೆ ಕೋವಿಯ ಭಾರಕ್ಕೆ ಜಾರುತ್ತದೆ. ಎರಡು ಮೂರು ಸಲ ಬಿಚ್ಚಿ ಕಟ್ಟಬೇಕಾಗುತ್ತದೆ. ಮೇಲೆ ಕೋವಿ ಕೂರುವ ಕವೆಯ ಒಳಗೂ ರಬ್ಬರು ಬರಲಿ. ಬಿದಿರಿಗೆ ಕೋವಿ ತಗಲಿದರೆ ಬರುವ ಟಕ್ ಅನ್ನುವ ಸದ್ದು ನಿನಗೆ ಕೇಳದಿದ್ದರೂ ಜಿಂಕೆಗೆ ಕೇಳುತ್ತದೆ. ಕೆಳತುದಿಗೆ ಟೇಪು ಸುತ್ತು, ಇಲ್ಲದಿದ್ದರೆ ಬಿದಿರು ಸೀಳಿಕೊಳ್ಳುತ್ತದೆ. ಎತ್ತರ ಬೇಕಾದರೆ ಕಾಲು ಹತ್ತಿರ ತಾ, ತಗ್ಗು ಬೇಕಾದರೆ ದೂರ ಮಾಡು. ಪೂರ್ತಿ ಅಗಲಿಸಿದರೆ ಕೂತೂ ಹೊಡೆಯಬಹುದು.

ಎರಡು ಕಾಲಿನ ಗುಟ್ಟು ಇಷ್ಟೇ: ಮೂರನೇ ಕಾಲು ನೀನು. ಕೋಲು ಅಕ್ಕಪಕ್ಕದ ಓಲಾಟ ನಿಲ್ಲಿಸುತ್ತದೆ, ಹಿಂದೆ ಮುಂದೆ ತೂಗುವುದನ್ನು ನಿಲ್ಲಿಸುವುದು ನಿನ್ನ ಮೈ. ಕೋಲಿನ ಪಾದವನ್ನು ನಿನ್ನಿಂದ ಸ್ವಲ್ಪ ಮುಂದೆ ಊರು, ಕವೆ ನಿನ್ನ ಕಡೆ ವಾಲಿರಲಿ. ಎಡಗಾಲು ಮುಂದಿಟ್ಟು, ಮಂಡಿ ಸಡಿಲ ಬಿಟ್ಟು, ಭಾರವನ್ನು ಕೋಲಿನೊಳಕ್ಕೆ ಕೊಡು. ಎಡಗೈಯಲ್ಲಿ ಕಟ್ಟಿನ ಜಾಗ ಹಿಡಿ, ಅದೇ ಕೈಯ ಹೆಬ್ಬೆರಳು ಕೋವಿಯ ಮರವನ್ನು ಒತ್ತಿ ಹಿಡಿದಿರಲಿ. ಕವೆಯಲ್ಲಿ ಕೂರಬೇಕಾದ್ದು ಮರ, ಬ್ಯಾರಲ್ ಅಲ್ಲ. ಬ್ಯಾರಲ್ ಆನಿಸಿದರೆ ನೀನು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಹೊಂದಿಸಿಟ್ಟ ಗುರಿ ಬೇರೆ, ಗುಂಡು ಹೋಗುವ ಜಾಗ ಬೇರೆ. ಬಲ ಮೊಣಕೈಗೂ ಏನಾದರೂ ಆಸರೆ ಸಿಕ್ಕರೆ, ಮರದ ಕಾಂಡವೋ ಬೇಲಿಗೂಟವೋ, ಬಿಡಬೇಡ.

ಇದನ್ನೆಲ್ಲ ಜಿಂಕೆಯ ಎದುರಿಗೆ ಮಾಡಬೇಕು, ಅದೇ ಕಷ್ಟ. ನಡೆಯುವಾಗಲೇ ಕೋಲನ್ನು ಮೈಯ ಮುಂದೆ ನೆಟ್ಟಗೆ ಹಿಡಿದುಕೊಂಡಿರು. ಆಗ ಊರುವುದಕ್ಕೆ ಕೈ ಬೀಸಬೇಕಾಗಿಲ್ಲ. ಜಿಂಕೆ ಕಂಡ ಕೂಡಲೇ ಕೋವಿಗೆ ಕೈ ಹಾಕಬೇಡ. ಮೊದಲು ಕೋಲು, ಆಮೇಲೆ ಕೋವಿ. ಅದು ತಲೆ ತಗ್ಗಿಸಿ ಮೇಯುವಾಗ ಮಾತ್ರ ಅಲುಗಾಡು. ರೋ ಜಾಣ ಪ್ರಾಣಿ. ಅನುಮಾನ ಬಂದರೆ ಮೇಯುವ ಹಾಗೆ ನಟಿಸಿ ತಲೆ ತಗ್ಗಿಸುತ್ತದೆ, ಥಟ್ಟನೆ ಎತ್ತಿ ನೋಡುತ್ತದೆ. ಆ ಎರಡನೇ ನೋಟಕ್ಕೆ ನೀನು ಸಿಕ್ಕಿಬಿದ್ದರೆ, ಒಂದು ಬೊಗಳು ಬೊಗಳಿ ಬಿಳೀ ಹಿಂಭಾಗ ತೋರಿಸಿ ಮರದೊಳಗೆ ಮಾಯ. ಕೋವಿ ಕವೆಯಲ್ಲಿ ಕೂತು, ಜಿಂಕೆಯ ಹಿಂದೆ ಗುಂಡು ತಡೆಯುವ ಮಣ್ಣು ಕಂಡ ಮೇಲೆ ಸೇಫ್ಟಿ ತೆಗೆ. ದಿಬ್ಬದ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ಎಷ್ಟೇ ಚೆನ್ನಾಗಿ ನಿಂತಿರಲಿ, ಅದು ನಿನ್ನದಲ್ಲ.

ಉಸಿರು ಅರ್ಧ ಬಿಟ್ಟು ನಿಲ್ಲಿಸು. ಸ್ಕೋಪಿನೊಳಗಿನ ಅಡ್ಡ ಗೆರೆ, ಆ ಕ್ರಾಸ್‌ಹೇರ್ ಪೂರ್ತಿ ನಿಲ್ಲುವುದಿಲ್ಲ, ಸಣ್ಣಗೆ ಸುತ್ತುತ್ತಾ ಇರುತ್ತದೆ. ಆ ಸುತ್ತು ಅಂಗೈಯಗಲದ ಜಾಗ ದಾಟದಿದ್ದರೆ ನಿಧಾನವಾಗಿ ಟ್ರಿಗರ್ ಅದುಮು. ದಾಟುತ್ತಿದ್ದರೆ ಉಸಿರು ಬಿಟ್ಟು ಮತ್ತೆ ನೋಡು. ಆಗಲೂ ನಿಲ್ಲಲಿಲ್ಲವಾ, ಕೋವಿ ಇಳಿಸು. ದೂರ ಜಾಸ್ತಿ ಇರಬಹುದು, ಗಾಳಿ ಇರಬಹುದು, ಗುಡ್ಡ ಹತ್ತಿ ನಿನಗೆ ಏದುಸಿರು ಬಂದಿರಬಹುದು. ಗಾಯ ಮಾಡಿ ಕಳಿಸುವುದಕ್ಕಿಂತ ಬರಿಗೈಲಿ ಮನೆಗೆ ಬಂದರೆ ಏನೂ ನಷ್ಟ ಇಲ್ಲ. ನಾನಾದರೆ ಎರಡು ಕಾಲಿನ ಮೇಲೆ ನಿಂತು ನೂರು ಮೀಟರು ದಾಟಿ ಹೊಡೆಯುವುದಿಲ್ಲ. ನಿನ್ನದನ್ನು ಎಪ್ಪತ್ತಕ್ಕೆ ಇಟ್ಟುಕೋ.

ಈಡು ಹೊಡೆದ ಮೇಲೆ ತಲೆ ಎತ್ತಬೇಡ. ಬೋಲ್ಟ್ ಎಳೆದು ಮುಂದಿನ ಗುಂಡು ಹಾಕಿಕೊಂಡು, ಕೋಲಿನ ಮೇಲೆಯೇ ಇದ್ದು, ಅದು ಹೇಗೆ ನೆಗೆಯಿತು, ಯಾವ ಕಡೆ ಓಡಿತು ನೋಡು. ಎದೆಗೆ ಗುಂಡು ಬಿದ್ದ ಜಿಂಕೆಯೂ ಸ್ವಲ್ಪ ದೂರ ಓಡುತ್ತದೆ. ಹುಡುಕಲು ಹೋಗುವ ಮುಂಚೆ ಕೋಲನ್ನು ನಿಂತ ಜಾಗದಲ್ಲೇ ನೆಟ್ಟು ಹೋಗು, ತುದಿಗೆ ಕರವಸ್ತ್ರ ಕಟ್ಟು. ಅಲ್ಲಿ ಹೋಗಿ ನೋಡಿದರೆ ಎಲ್ಲಾ ಪೊದೆಯೂ ಒಂದೇ ಥರ ಕಾಣುತ್ತದೆ. ತಿರುಗಿ ಕೋಲು ನೋಡಿದರೆ ನೀನು ಹೊಡೆದ ಸಾಲು ಸಿಗುತ್ತದೆ.

ಅಭ್ಯಾಸಕ್ಕೆ ಗುಂಡು ಬೇಕಾಗಿಲ್ಲ. ಮನೆಯೊಳಗೆ ಪೊರಕೆ ಹಿಡಿದುಕೊಂಡು, ಗೋಡೆಯ ಮೇಲಿನ ಒಂದು ಚುಕ್ಕೆಯಿಂದ ಕಣ್ಣು ತೆಗೆಯದೆ ಕೋಲು ಬಿಚ್ಚಿ ಊರುವುದನ್ನು ಮಾಡು. ಕೈ ನೋಡಿಕೊಂಡು ಬಿಚ್ಚುವ ತನಕ ನಿನಗೆ ಬಂದಿಲ್ಲ ಅಂತಲೇ ಅರ್ಥ. ನಿನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗಿಯರು ನಗುತ್ತಾರೆ, ನಗಲಿ. ರೇಂಜಿಗೆ ಹೋದಾಗ ಬೆಂಚಿನ ಮೇಲೆ ಗುರಿ ಹೊಂದಿಸಿದ್ದು ಆದ ಕೂಡಲೇ ಎದ್ದುಬಿಡು, ಉಳಿದ ಗುಂಡೆಲ್ಲ ಕೋಲಿನ ಮೇಲೆ. ಬೆಂಚಿನ ಮೇಲೆ ಎಲ್ಲರೂ ಶೂರರೇ.

ಸಕಲೇಶಪುರದಿಂದ ಅಜ್ಜಿ ಫೋನು ಮಾಡಿದ್ದರು. ಜಿಂಕೆ ಹೊಡೆದರೆ ಜೈಲಲ್ವಾ, ಹುಡುಗಿಗೆ ಇದೆಂಥ ಕೆಲಸ ಕೊಡಿಸಿದ್ದೀಯ ಅಂತ ನನಗೇ ಬೈದರು. ಅವರು ಹೇಳಿದ್ದೂ ಸರಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಹಾಗೇ ಇರಬೇಕು. ನಮ್ಮ ಕಾಡಿನಲ್ಲಿ ಜಿಂಕೆ ತಿನ್ನಲು ಹುಲಿ, ಚಿರತೆ, ಸೀಳುನಾಯಿ ಇವೆ. ಸ್ಕಾಟ್ಲೆಂಡಿನಲ್ಲಿ ತೋಳ ಹೋಗಿ ಎಷ್ಟೋ ಕಾಲವಾಯಿತು. ಜಿಂಕೆ ಸುಮಾರು ಹತ್ತು ಲಕ್ಷ ಇರಬಹುದು ಅಂತ ಸರ್ಕಾರದ ಅಂದಾಜು. ನೆಟ್ಟ ಸಸಿಯ ಚಿಗುರು ಉಳಿಯುವುದಿಲ್ಲ. ಗಂಡು ಜಿಂಕೆಗೆ ಇದ್ದ ಬೇಟೆ ಬಿಡುವಿನ ಕಾಲವನ್ನೇ 2023ರ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಎಲ್ಲ ಕೇಳಿ, "ಆದ್ರೂ ಮರಿ ಇರೋದನ್ನ ಹೊಡೀಬೇಡ ಅಂತ ಹೇಳು" ಅಂದರು. ಹೆಣ್ಣಿನ ಸೀಸನ್ನು ಅಕ್ಟೋಬರ್ 21ರ ತನಕ ಶುರುವಾಗದೇ ಇರುವುದು ಮರಿಗಳಿಗಾಗಿಯೇ. ತಾಯಿಯ ಜೊತೆ ಮರಿ ಇದ್ದರೆ ಯಾವುದನ್ನು ಮೊದಲು ತೆಗೆಯಬೇಕು ಅಂತ ನಿನ್ನ ಹಿರಿಯರು ಅಲ್ಲೇ ಹೇಳಿಕೊಡುತ್ತಾರೆ, ಅವರ ಮಾತು ಕೇಳು. ಕಾಗದದಲ್ಲಿ ಕಲಿಯುವ ವಿಷಯ ಅಲ್ಲ ಅದು.

ಉಣ್ಣಿ ನೋಡಿಕೊಳ್ಳುವುದು ಮರೀಬೇಡ. ಬ್ರ್ಯಾಕನ್‌ನಲ್ಲಿ ನಡೆದು ಬಂದ ದಿನ ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೋ. ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ತಮಾಷೆಯಲ್ಲ. ಹಳ್ಳ ದಾಟುವಾಗ, ಕೊಚ್ಚೆ ಎಷ್ಟು ಆಳ ಅಂತ ನೋಡುವಾಗ ಅದೇ ಕೋಲು ಬಳಸು. ಕೋವಿ ಖಾಲಿ ಮಾಡಿಯೇ ಹಳ್ಳ ದಾಟು, ಬೇಲಿಯೂ ಅಷ್ಟೇ.

ಕ್ರಿಸ್‌ಮಸ್ ರಜಕ್ಕೆ ಬರುವಾಗ ಕೋಲನ್ನೂ ಕಾರಿನಲ್ಲಿ ಹಾಕಿಕೊಂಡು ಬಾ. ಅಷ್ಟರಲ್ಲಿ ಎಷ್ಟು ಉದ್ದ ಬೇಕು ಅಂತ ನಿನಗೆ ಗೊತ್ತಾಗಿರುತ್ತದೆ. ಶೆಡ್ಡಿನಲ್ಲಿ ಒಣಗಲು ಇಟ್ಟ ಹೇಜಲ್ ಮರದ ಕೋಲು ಇವೆ, ಅದೇ ಅಳತೆಗೆ ಒಂದು ಜೊತೆ ಕತ್ತರಿಸಿಕೊಡ್ತೀನಿ. ನಿಮ್ಮಲ್ಲಿ ಮಾಂಸ ಕೊಡುವುದಾದರೆ ಒಂದು ಹಿಂಗಾಲು ತಾ. ಅಮ್ಮ ಊರಿನ ಕರಿಮೆಣಸು ತೆಗೆದಿಟ್ಟಿದ್ದಾಳೆ.

ನಿನ್ನ
ಅಪ್ಪ