ಬಾವುಟ ಬಾಗುವ ಎರಡು ನಿಮಿಷ

ಎಲ್ಲರಿಗೂ ನಮಸ್ಕಾರ.

ರಾತ್ರಿ ಹನ್ನೊಂದೂವರೆ ಆಗಿದೆ. ಬೆಳಿಗ್ಗೆ ಇಂಗ್ಲೆಂಡಿನ ನಮ್ಮ ಕನ್ನಡ ಬಳಗದ ಪತ್ರಿಕೆ ಅಚ್ಚಿಗೆ ಹೋಗಬೇಕು, ಏಳು ಗಂಟೆಗೆ ನನಗೆ ವಾರ್ಡಿನಲ್ಲಿ ಡ್ಯೂಟಿ. ರಾಜ್ಯೋತ್ಸವದ ಸಂಚಿಕೆ ಅಲ್ವಾ, ಕನ್ನಡದ ಬಗ್ಗೆ ಬರೆಯೋಣ ಅಂತ ಕೂತಿದ್ದೆ, ಅರ್ಧ ಬರೆದೂ ಆಗಿತ್ತು. ಆದರೆ ಮೊನ್ನೆ ಮಗಳು ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಅದನ್ನೇ ಬರೆಯುತ್ತೇನೆ.

ಅವಳಿಗೆ ಹತ್ತು ವರ್ಷ. ಈ ವರ್ಷ ಗೈಡ್ಸ್ ಸೇರಿದ್ದಾಳೆ. ನವೆಂಬರಿನ ಎರಡನೇ ಭಾನುವಾರ, ಯುದ್ಧಗಳಲ್ಲಿ ಸತ್ತವರನ್ನು ಇಲ್ಲಿ ನೆನೆಯುವ ರಿಮೆಂಬರೆನ್ಸ್ ಸಂಡೇ ದಿನ, ಚರ್ಚಿನಲ್ಲಿ ತಂಡದ ಬಾವುಟ ಹಿಡಿಯುವ ಸರದಿ ಅವಳದ್ದು. ಬಾವುಟ ಹಿಡಿದು ನಡೆಯಬೇಕು, ಹನ್ನೊಂದು ಗಂಟೆಗೆ ಎರಡು ನಿಮಿಷ ಎಲ್ಲರೂ ಸುಮ್ಮನೆ ನಿಂತಾಗ ಅದನ್ನು ಬಾಗಿಸಬೇಕು. ಅಡುಗೆಮನೆಯಲ್ಲಿ ನೆಲ ಒರೆಸುವ ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದಳು. ನಡುವೆ ನಿಂತು ಕೇಳಿದಳು: "ಅಮ್ಮ, ಬಾವುಟ ಯಾರ ಮುಂದೇನೂ ಬಾಗಬಾರದು ಅಂತ ಅಜ್ಜ ಹೇಳಿದ್ರು. ದೇವರ ಮುಂದೆ ಬಾಗಬಹುದಾ?"

ಅಜ್ಜ ಹೇಳಿದ್ದು ನಿಜ. ಭಾರತದ ಧ್ವಜ ಸಂಹಿತೆಯಲ್ಲಿ ಹಾಗೇ ಇದೆ. ರಾಷ್ಟ್ರಧ್ವಜವನ್ನು ಯಾವ ವ್ಯಕ್ತಿಗೂ, ಯಾವ ವಸ್ತುವಿಗೂ ಬಾಗಿಸುವಂತಿಲ್ಲ. ನಮ್ಮಪ್ಪ ಸೈನ್ಯದಲ್ಲಿದ್ದವರು, 1971ರ ಯುದ್ಧಕ್ಕೆ ಹೋಗಿಬಂದವರು. ಅವರಿಗೆ ಅದು ಪುಸ್ತಕದ ನಿಯಮ ಅಲ್ಲ, ಮೈಯಲ್ಲೇ ಇರುವಂಥದ್ದು. ಅದೇ ಅಪ್ಪ ಪ್ರತಿ ರವಿವಾರ ನಮ್ಮೂರು ಬೆಟಗೇರಿಯ ಚರ್ಚಿನಲ್ಲಿ ಮೊಣಕಾಲೂರಿ ಕೂರುತ್ತಾರೆ. ಈ ಎರಡೂ ಒಬ್ಬ ಮನುಷ್ಯನೊಳಗೆ ಹೇಗೆ ಇರುತ್ತವೆ ಅಂತ ನಾನೂ ಚಿಕ್ಕವಳಿದ್ದಾಗಿನಿಂದ ಕೇಳುತ್ತಲೇ ಇದ್ದೇನೆ.

ನಮ್ಮ ಬಳಗದಲ್ಲಿ ಕ್ರೈಸ್ತರ ಮನೆಗಳು ನಾಲ್ಕೈದು ಅಷ್ಟೇ, ಇದು ಚರ್ಚಿನ ಪತ್ರಿಕೆಯೂ ಅಲ್ಲ. ಆದರೂ ದಯವಿಟ್ಟು ಓದಿ. ಎರಡು ದೇಶ ಮನಸ್ಸಿನಲ್ಲಿ ಇಟ್ಟುಕೊಂಡು ಬದುಕುವವರಿಗೆ ಇದು ತೀರಾ ಬೇರೆಯವರ ವಿಷಯ ಅನ್ನಿಸಲಿಕ್ಕಿಲ್ಲ.

1999ರ ಜೂನ್. ನನಗೆ ಹನ್ನೆರಡು ವರ್ಷ. ಕಾರ್ಗಿಲ್‌ನಲ್ಲಿ ಯುದ್ಧ ನಡೆದಿತ್ತು. ದಿನಾ ಸಂಜೆ ಟಿವಿಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆಗಳು. ಶಾಲೆಯಲ್ಲಿ ನಾವೆಲ್ಲ ಡಬ್ಬಿ ಹಿಡಿದು ಸೈನಿಕರ ನಿಧಿಗೆ ದುಡ್ಡು ಕೂಡಿಸಿದ್ದೆವು. ಒಂದು ದಿನ ಕ್ಲಾಸಿನ ಹುಡುಗನೊಬ್ಬ ನನ್ನನ್ನು ಕೇಳಿದ, "ನೀವು ಕ್ರಿಶ್ಚನ್ನರು ಯಾರ ಕಡೆ?" ಅವನೂ ಹನ್ನೆರಡು ವರ್ಷದವನೇ, ಎಲ್ಲೋ ಕೇಳಿದ ಮಾತನ್ನು ಹೇಳಿದ್ದ. ನಮ್ಮಪ್ಪ ಮಿಲಿಟರಿ ಅಂದೆ. ಅಂದ ಮೇಲೆ ಅಳು ಬಂತು. ಯಾಕೆ ಹಾಗೆ ಸಾಬೀತು ಮಾಡಬೇಕಾಯಿತು ಅಂತ ಆಗ ಗೊತ್ತಾಗಲಿಲ್ಲ.

ಆ ತಿಂಗಳ ಕೊನೆಯ ರವಿವಾರ ಚರ್ಚಿನಲ್ಲಿ ಹಿರಿಯರು ಬಲಿಪೀಠದ ಪಕ್ಕದಲ್ಲೇ ಒಂದು ರಾಷ್ಟ್ರಧ್ವಜ ಇಟ್ಟಿದ್ದರು. ಹೊರಗೆ ಜಿಟಿಜಿಟಿ ಮಳೆ. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಪ್ರಾರ್ಥನೆ ಶುರು ಮಾಡಿದರು. ಗಡಿಯಲ್ಲಿರುವ ನಮ್ಮ ಮಕ್ಕಳಿಗಾಗಿ, ಸತ್ತವರ ಹೆಂಡಂದಿರಿಗಾಗಿ, ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡು ಮಲಗಿದವರಿಗಾಗಿ. ಎಲ್ಲರೂ ಆಮೆನ್ ಅನ್ನುತ್ತಿದ್ದರು. ಆಮೇಲೆ ಅವರು ಅದೇ ದನಿಯಲ್ಲಿ, "ಆ ಕಡೆ ಸತ್ತವರ ತಾಯಂದಿರನ್ನೂ ಸಂತೈಸು ಕರ್ತನೇ" ಅಂದರು. ಯಾರೂ ಆಮೆನ್ ಅನ್ನಲಿಲ್ಲ. ನನ್ನ ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು, ಅಷ್ಟೇ.

ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಜಗಳವೇ ಆಯಿತು. ಹಿರಿಯರಲ್ಲಿ ಒಬ್ಬರಿಗೆ ನಿಜವಾಗಿ ಸಿಟ್ಟು ಬಂದಿತ್ತು, ಅವರ ಅಣ್ಣನ ಮಗ ಸೈನ್ಯದಲ್ಲಿದ್ದ. ಉಳಿದವರದು ಸಿಟ್ಟಿಗಿಂತ ಜಾಸ್ತಿ ಭಯ. "ಇದು ಹೊರಗ ಗೊತ್ತಾದ್ರ ಮಂದಿ ನಮಗ ಏನಂತಾರ?" ಅಂತ ಮತ್ತೆ ಮತ್ತೆ ಅನ್ನುತ್ತಿದ್ದರು. ಅಯ್ಯನವರು ಅದಕ್ಕೆ, ವೈರಿಗಳನ್ನು ಪ್ರೀತಿಸಿರಿ ಅಂತ ಬೈಬಲ್ಲಿನಲ್ಲಿ ಬರೆದಿದೆ, ಯುದ್ಧ ಇಲ್ಲದಾಗ ಮಾತ್ರ ಅಂತ ಬರೆದಿಲ್ಲ ಅಂದರು. ಆಗ ಎಲ್ಲರೂ ನಮ್ಮಪ್ಪನ ಕಡೆ ತಿರುಗಿದರು. ಯುದ್ಧ ನೋಡಿದವರು ಅಲ್ಲಿ ಅವರೊಬ್ಬರೇ. ಅಪ್ಪ ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಂಡು, "ನಡೀರಿ, ಊಟಾ ಆರತೈತಿ" ಅಂತ ನಮ್ಮನ್ನು ಕರೆದುಕೊಂಡು ಹೊರಟುಬಿಟ್ಟರು.

ಮನೆಯಲ್ಲಿ ಬಿಡದೆ ಕೇಳಿದೆ, ಅಯ್ಯನವರು ಮಾಡಿದ್ದು ಸರಿನಾ ತಪ್ಪಾ ಅಂತ. ರೊಟ್ಟಿ ಮುರಿಯುತ್ತಾ ಹೇಳಿದರು: "ಅವ್ರ ಕೆಲಸಾ ಅವ್ರು ಮಾಡ್ಯಾರ. ನನ್ನ ಕೆಲಸಾ ನಾ ಮಾಡಿದ್ನಿ." ಹನ್ನೆರಡು ವರ್ಷದ ನನಗೆ ಅದು ಉತ್ತರ ಅನ್ನಿಸಲೇ ಇಲ್ಲ. ಎರಡು ಕೆಲಸಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರಿದ್ದರೆ ಸರಿ. ಒಬ್ಬನೇ ಎರಡೂ ಮಾಡಬೇಕಾದರೆ?

ಈ ಪ್ರಶ್ನೆಗೆ ನಾನು ಕೇಳಿದ ಒಳ್ಳೆಯ ಉತ್ತರ ಕೊಟ್ಟವಳು ನಮ್ಮ ಈ ನಾರ್ಫೋಕಿನ ಹೆಣ್ಣುಮಗಳು, ಅದೂ ನರ್ಸ್. ಈಡಿತ್ ಕ್ಯಾವೆಲ್. ನಾರ್ವಿಚ್‌ನಿಂದ ಸ್ವಲ್ಪ ದೂರದ ಸ್ವಾರ್ಡ್‌ಸ್ಟನ್ ಹಳ್ಳಿಯ ಪಾದ್ರಿಯ ಮಗಳು, 1865ರಲ್ಲಿ ಹುಟ್ಟಿದವಳು. ಬ್ರಸೆಲ್ಸ್‌ನಲ್ಲಿ ನರ್ಸಿಂಗ್ ಶಾಲೆ ನಡೆಸುತ್ತಿದ್ದಳು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ರಜೆಯಲ್ಲಿ ಊರಿಗೆ ಬಂದು ಅಮ್ಮನ ತೋಟದಲ್ಲಿ ಕಳೆ ಕೀಳುತ್ತಿದ್ದಳಂತೆ. ಇಲ್ಲೇ ಇದ್ದುಬಿಡಬಹುದಿತ್ತು. ವಾಪಸ್ ಹೋದಳು. ಜರ್ಮನರು ಬ್ರಸೆಲ್ಸ್ ಹಿಡಿದ ಮೇಲೆ ಗಾಯವಾದ ಜರ್ಮನ್ ಸೈನಿಕರಿಗೂ ಅವಳ ಆಸ್ಪತ್ರೆಯಲ್ಲಿ ಆರೈಕೆ ಆಯಿತು. ಅದೇ ಹೊತ್ತಿಗೆ ಸಿಕ್ಕಿಬಿದ್ದಿದ್ದ ಬ್ರಿಟಿಷ್, ಫ್ರೆಂಚ್, ಬೆಲ್ಜಿಯನ್ ಸೈನಿಕರು ಸುಮಾರು 200 ಜನರನ್ನು ಗಡಿ ದಾಟಿಸಿ ಹಾಲೆಂಡಿಗೆ ಕಳಿಸಲು ಸಹಾಯ ಮಾಡಿದಳು. 1915ರ ಆಗಸ್ಟಿನಲ್ಲಿ ಹಿಡಿದರು. ಅಕ್ಟೋಬರ್ 12ರ ಬೆಳಗಿನ ಜಾವ ಗುಂಡಿಟ್ಟು ಕೊಂದರು. ಅವಳಿಗೆ 49 ವರ್ಷ.

ಹಿಂದಿನ ರಾತ್ರಿ ಒಬ್ಬ ಆಂಗ್ಲಿಕನ್ ಪಾದ್ರಿ ಅವಳಿಗೆ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಡಲು ಹೋಗಿದ್ದರು. ಅವರನ್ನು ಒಳಗೆ ಬಿಡಿಸಿದವರು ಸೆರೆಮನೆಯ ಜರ್ಮನ್ ಪಾದ್ರಿ. ಅದನ್ನು ನಾನು ಮರೆಯುವುದಿಲ್ಲ. ಆ ರಾತ್ರಿ ಅವಳು ಹೇಳಿದ್ದು: ದೇವರ ಎದುರು, ನಿತ್ಯತ್ವದ ಎದುರು ನಿಂತಿರುವಾಗ ನನಗೆ ತಿಳಿಯುತ್ತಿದೆ, ದೇಶಪ್ರೇಮವಷ್ಟೇ ಸಾಲದು. ಯಾರ ಮೇಲೂ ನನಗೆ ದ್ವೇಷವಾಗಲಿ ಕಹಿಯಾಗಲಿ ಇರಬಾರದು.

ಅವಳು ಸತ್ತ ಮೇಲೆ ಇಲ್ಲಿ ಏನು ಮಾಡಿದರು ಗೊತ್ತಾ? ಅವಳ ಚಿತ್ರ ಹಾಕಿ ಪೋಸ್ಟರ್ ಮಾಡಿ, ಸೇಡು ತೀರಿಸಿಕೊಳ್ಳಲು ಸೈನ್ಯ ಸೇರಿ ಅಂತ ಹುಡುಗರನ್ನು ಕರೆದರು. ಲಂಡನ್ನಿನ ಟ್ರಾಫಾಲ್ಗರ್ ಚೌಕದ ಹತ್ತಿರ 1920ರಲ್ಲಿ ಪ್ರತಿಮೆ ನಿಂತಿತು. ರಾಜನಿಗಾಗಿ, ದೇಶಕ್ಕಾಗಿ ಅಂತ ಅದರ ಮೇಲೆ ಕೆತ್ತಿದರು. ಅವಳದೇ ಮಾತು ಮಾತ್ರ ಇರಲಿಲ್ಲ. ಹೆಣ್ಣುಮಕ್ಕಳ ಸಂಘಟನೆಯೊಂದು ಕೇಳಿಕೊಂಡ ಮೇಲೆ 1924ರಲ್ಲಿ ಅದನ್ನು ಸೇರಿಸಿದರು.

ಎರಡು ವರ್ಷದ ಹಿಂದೆ ಅಪ್ಪ ಬಂದಿದ್ದಾಗ ಆ ಪ್ರತಿಮೆ ತೋರಿಸಿದೆ. ಚಳಿಗೆ ಹಾಕಿದ್ದ ಮಂಕಿ ಕ್ಯಾಪ್ ತೆಗೆದು ಓದಲು ನೋಡಿದರು. ಕನ್ನಡದಲ್ಲಿ ಹೇಳು ಅಂದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಲದು ಅಂದಾಳ. ಬ್ಯಾಡ ಅಂದಿಲ್ಲಲ್ಲ?" ಅಂದರು. ಇಲ್ಲಪ್ಪ ಅಂದೆ. "ಹಂಗಾದ್ರ ಸರಿ ಐತಿ."

ಆಮೇಲೆ ಪಕ್ಕದ ಬೆಂಚಿನ ಮೇಲೆ ಕೂತು, ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದರು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಆದ ಮೇಲೆ ಪಾಕಿಸ್ತಾನದ 93,000 ಜನ ಸೆರೆಯಾದರಲ್ಲ, ಅವರಲ್ಲಿ ಕೆಲವರನ್ನು ಕೆಲವು ದಿನ ಕಾಯುವ ಕೆಲಸ ಅಪ್ಪನ ತುಕಡಿಗೆ ಬಿತ್ತು. ಊಟ ಮೊದಲು ಅವರಿಗೆ ಹಾಕಿ ಅಂತ ಸಾಹೇಬರು ಹೇಳಿದರಂತೆ. "ಸಿಟ್ಟು ಬಂದಿತ್ತು. ನಮ್ಮ ಹುಡುಗರು ಸತ್ತಿದ್ರು. ಸಿಟ್ಟು ಇಟಗೊಂಡ ಹಾಕಿದ್ನಿ." ಆ ಸಿಟ್ಟು ಯಾವಾಗ ಹೋಯಿತು ಅಂತ ಕೇಳಿದೆ. "ಇನ್ನೂ ಸ್ವಲ್ಪ ಐತಿ" ಅಂದರು.

ಅಪ್ಪ ಸುಳ್ಳು ಹೇಳಲಿಲ್ಲ, ಅದಕ್ಕೇ ನನಗೆ ಆ ಮಾತಿನ ಮೇಲೆ ಗೌರವ. ವೈರಿಯನ್ನು ಪ್ರೀತಿಸು ಅನ್ನುವುದನ್ನು ನಾವು ಎಷ್ಟು ಸುಲಭವಾಗಿ ಓದಿಬಿಡುತ್ತೇವೆ. ಕೈಸರನದನ್ನು, ಅಂದರೆ ರೋಮಿನ ಚಕ್ರವರ್ತಿಯದನ್ನು, ಕೈಸರನಿಗೆ, ದೇವರದನ್ನು ದೇವರಿಗೆ ಕೊಡಿರಿ ಅನ್ನುವುದನ್ನೂ ಅಷ್ಟೇ. ಆದರೆ ಕೈಸರನದು ಎಲ್ಲಿಗೆ ಮುಗಿಯುತ್ತದೆ ಅಂತ ಯೇಸು ಗೆರೆ ಎಳೆದು ಕೊಟ್ಟಿಲ್ಲ, ಅದನ್ನು ಒಬ್ಬೊಬ್ಬರೂ ಹುಡುಕಬೇಕು. ನನಗೆ ಒಂದು ಗೆರೆ ಮಾತ್ರ ಸ್ಪಷ್ಟ. ಊರನ್ನು, ದೇಶವನ್ನು ಪ್ರೀತಿಸುವುದು ತಪ್ಪಲ್ಲ, ಯೆರೂಸಲೇಮನ್ನು ನೋಡಿ ಯೇಸುವೇ ಅತ್ತಿದ್ದಾನೆ. ಆದರೆ ದೇವರು ನಮ್ಮ ಸೈನ್ಯ ಸೇರಿದ್ದಾನೆ ಅನ್ನುವಂಥ ಪ್ರಾರ್ಥನೆಗೆ ನಾನು ಆಮೆನ್ ಹೇಳುವುದಿಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ 'ದೇವರು ನಮ್ಮೊಂದಿಗೆ' ಅಂತಲೇ ಅಚ್ಚಾಗಿತ್ತು. ಈ ಕಡೆಯ ಪಾದ್ರಿಗಳೂ ಅದನ್ನೇ ಸಾರುತ್ತಿದ್ದರು.

ಬೆಟಗೇರಿಯ ಅಯ್ಯನವರಂತೆ ಇಲ್ಲೂ ಒಬ್ಬರಿದ್ದರು. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧ ಮುಗಿದ ಮೇಲೆ 1982ರ ಜುಲೈ 26ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಉಪದೇಶ ಮಾಡುತ್ತಾ, ಅರ್ಜೆಂಟೀನಾದಲ್ಲಿ ಅಳುತ್ತಿರುವ ಮನೆಗಳನ್ನೂ ನೆನೆದರು. ಬ್ರಿಟನ್ನಿನವರು 255 ಜನ ಸತ್ತಿದ್ದರು, ಅರ್ಜೆಂಟೀನಾದವರು 649. ಜಯೋತ್ಸವ ಬೇಕಿದ್ದ ಹಲವರಿಗೆ ಸಿಟ್ಟು ಬಂತು. ಆದರೆ ರನ್ಸಿ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ಅಧಿಕಾರಿಯಾಗಿದ್ದವರು, ಶೌರ್ಯಕ್ಕೆ ಕೊಡುವ ಮಿಲಿಟರಿ ಕ್ರಾಸ್ ಪದಕ ಪಡೆದವರು. ಹೇಡಿ ಅನ್ನುವ ಹಾಗಿರಲಿಲ್ಲ. ಅದೇ ಜುಲೈ 26 ನಮಗೆ ಕಾರ್ಗಿಲ್ ವಿಜಯ ದಿವಸ. ಕ್ಯಾಲೆಂಡರಿನಲ್ಲಿ ಆ ದಿನ ನೋಡಿದಾಗೆಲ್ಲ ನನಗೆ ಆ ಬೇವಿನ ಮರ ನೆನಪಾಗುತ್ತದೆ.

ಇನ್ನೊಂದು ಮಾತು, ರಾಜ್ಯೋತ್ಸವಕ್ಕೂ ಸೇರಿದ್ದು. 1894ರಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ ಜರ್ಮನಿಯವರು. 1903ರಲ್ಲಿ ತೀರಿಹೋದರು. 1914ರಲ್ಲಿ ಬದುಕಿದ್ದು ನಮ್ಮಲ್ಲೇ ಇದ್ದಿದ್ದರೆ ಅವರೂ ಶತ್ರುದೇಶದವರೇ. ಅವರ ಬಾಸೆಲ್ ಮಿಷನ್ನಿನ ಜರ್ಮನರನ್ನು ಆಗ ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟರು, ಆಮೇಲೆ ಹಡಗು ಹತ್ತಿಸಿದರು. ನಮ್ಮ ಮುತ್ತಜ್ಜ ಆಗ ಮಿಷನ್ನಿನಲ್ಲಿ ಧರ್ಮ ಬೋಧಿಸುವ ಉಪದೇಶಿ. ಅಕ್ಷರ ಕಲಿಸಿದ ಜರ್ಮನ್ ಮಿಷನರಿ ದೊರೆಯನ್ನು ಕರೆದುಕೊಂಡು ಹೋದ ವಾರವೇ ಬ್ರಿಟಿಷ್ ಚಕ್ರವರ್ತಿಯ ಜಯಕ್ಕಾಗಿ ಪ್ರಾರ್ಥನೆ ಮಾಡಬೇಕಾಯಿತಂತೆ. ಮಾಡಿದರು, ಮನೆಗೆ ಬಂದು ದೊರೆಗಾಗಿಯೂ ಮಾಡಿದರು ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಈಗ ಬೇಗ ಬೇಗ ಸೂಚನೆಗಳು. ದೀಪಾವಳಿ ಈ ಸಲ ನವೆಂಬರ್ 8ರ ಭಾನುವಾರವೇ ಬಂದಿದೆ, ಅಂದೇ ರಿಮೆಂಬರೆನ್ಸ್ ಸಂಡೇ. ನಮ್ಮ ಹಾಲ್ ಚರ್ಚಿನದ್ದಾದ್ದರಿಂದ ಅವತ್ತು ಸಿಗುವುದಿಲ್ಲ. ರಾಜ್ಯೋತ್ಸವ ಮತ್ತು ದೀಪಾವಳಿ ಎರಡೂ ಸೇರಿ ಶನಿವಾರ, ನವೆಂಬರ್ 7, ಮಧ್ಯಾಹ್ನ 3ಕ್ಕೆ. ನಾಡಗೀತೆ ಹಾಡುವ ಮಕ್ಕಳು 2.30ಕ್ಕೇ ಬರಬೇಕು. ಬಿಸಿಬೇಳೆಬಾತಿಗೆ ಜನ ಸಿಕ್ಕಿದ್ದಾರೆ, ಹೋಳಿಗೆಗೆ ಇನ್ನೂ ಇಬ್ಬರು ಬೇಕು. ಪಾರ್ಕಿಂಗ್ ಜಾಗದಲ್ಲಿ ಪಟಾಕಿ ಬೇಡ. ನಮ್ಮ ಹಬ್ಬವನ್ನು ಅವರ ಸೈನಿಕರಿಗಾಗಿ ಯಾಕೆ ಸರಿಸಬೇಕು ಅಂತ ಕೆಲವರು ಕೇಳಿದ್ದೀರಿ. ನೊಂದುಕೊಂಡು ಕೇಳಿದ್ದೀರಿ ಅಂತ ಗೊತ್ತು. ಮೊದಲ ಮಹಾಯುದ್ಧದಲ್ಲಿ ನಮ್ಮವರೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಗೆದ್ದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಇದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಭಾನುವಾರ ಬರಲು ಮನಸ್ಸಿದ್ದವರು 10.30ಕ್ಕೆ ಚರ್ಚಿನ ಬಾಗಿಲ ಹತ್ತಿರ ಸೇರೋಣ. ಕನ್ನಡ ಶಾಲೆ ಎರಡನೇ ಶನಿವಾರ ಇರುವುದಿಲ್ಲ, ನಾಲ್ಕನೆಯದು ಇದೆ. ಡಿಸೆಂಬರ್ ಸಂಚಿಕೆಗೆ ಬರಹ ಕಳಿಸಲು ನವೆಂಬರ್ 25 ಕೊನೆ ದಿನ.

ಇನ್ನೊಂದು ಕೋರಿಕೆ. ಎರಡು ವರ್ಷದಿಂದ ಟೈಪಿಂಗ್, ಪುಟ ಕಟ್ಟುವುದು, ಕರಡು ತಿದ್ದುವುದು ಎಲ್ಲ ಒಬ್ಬಳೇ ಮಾಡುತ್ತಿದ್ದೇನೆ. ನೈಟ್ ಡ್ಯೂಟಿ ಜಾಸ್ತಿಯಾಗಿದೆ, ಆಗುತ್ತಿಲ್ಲ. ಪತ್ರಿಕೆ ನಿಲ್ಲುವುದು ನನಗೆ ಇಷ್ಟ ಇಲ್ಲ. ತಿಂಗಳಿಗೆ ಎರಡು ಸಂಜೆ ಕೊಡುವವರು ಒಬ್ಬರಾದರೂ ಮುಂದೆ ಬನ್ನಿ, ಕಲಿಸಿಕೊಡುತ್ತೇನೆ.

ಮಗಳ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಅಜ್ಜನನ್ನೇ ಕೇಳು ಅಂತ ನಿನ್ನೆ ವಿಡಿಯೋ ಕಾಲ್ ಹಚ್ಚಿಕೊಟ್ಟೆ. ಚರ್ಚಿನೊಳಗೆ ಬಾಗಿಸಬೇಕಂತೆ, ಸತ್ತವರಿಗಾಗಿ, ದೇವರ ಮುಂದೆ ಅಂತ ಅವಳು ವಿವರಿಸಿದಳು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ಎಷ್ಟೊತ್ತು ಬಾಗಿಸ್ತೀರಿ?"

"ಎರಡು ನಿಮಿಷ ಅಜ್ಜ."

"ಎರಡೂ ಕಡೆ ಸತ್ತವರಿಗೇನು?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೂಂ ಅಂದಳು.

"ಹಂಗಾದ್ರ ಕೋಲು ಎರಡೂ ಕೈಲೆ ಗಟ್ಟಿ ಹಿಡಿ. ಬಾಗಿಸಿದಾಗ ಭಾರ ಆಗ್ತದ."